ಬಂದರಿನ ಬಗ್ಗೆ ನುಂಗಿಕೊಂಡ ಒಂದು ಮಾತು

ನಮ್ಮನೆ ಟೀವಿಯ ಪಕ್ಕದಲ್ಲಿ ಒಂದು ದೋಣಿ ಇದೆ. ಗೇಣುದ್ದದ್ದು. ಬೀಟೆ ಮರದ್ದು ಅಂತ ಹೇಳಿ ಕೊಟ್ಟಿದ್ದರು. ಒಂದು ದಿನ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಬಟ್ಟೆ ಕಂದಾಯಿತು, ದೋಣಿ ಬಿಳಿಯಾಯಿತು. ಅದರ ಬುಡದ ತಗಡಿನ ಮೇಲೆ ನನ್ನ ಹೆಸರಿದೆ, ಹೆಸರಿನ ಹಿಂದೆ ನನಗೆ ಯಾರೂ ಕೊಡದ ಡಾಕ್ಟರೇಟೂ ಇದೆ. ಸಾಗರ ಪೇಟೆಯ ಒಂದು ವಿಚಾರ ಸಂಕಿರಣದಲ್ಲಿ ಭಾಷಣ ಮಾಡಿದ್ದಕ್ಕೆ ಸಿಕ್ಕ ಸ್ಮರಣಿಕೆ. ಮನೆಯವರು ಅದನ್ನು ಎಸೆಯಲು ಬಿಡುವುದಿಲ್ಲ. ಬಂದವರಿಗೆಲ್ಲ ತೋರಿಸುತ್ತಾರೆ. ಅವರು ತೋರಿಸಿದಾಗಲೆಲ್ಲ ನನಗೆ ಬಿಕ್ಕಳಿಕೆ ಶುರುವಾಗುತ್ತದೆ.

ಕೋಪ ಬಂದರೆ ಬಿಕ್ಕಳಿಕೆ ಬರುವುದು ನನಗೆ ಚಿಕ್ಕಂದಿನಿಂದ ಇರುವ ದೌರ್ಭಾಗ್ಯ. ಬೇರೆಯವರು ಸಿಟ್ಟಾದರೆ ಎದುರಿನವರು ಹೆದರುತ್ತಾರೆ. ನಾನು ಸಿಟ್ಟಾದರೆ ನೀರು ತಂದುಕೊಡುತ್ತಾರೆ. ಇಪ್ಪತ್ತೆರಡು ವರ್ಷದಿಂದ ಹೊಸನಗರದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುತ್ತಿದ್ದೇನೆ. ಒಬ್ಬ ವಿದ್ಯಾರ್ಥಿಯನ್ನೂ ಸರಿಯಾಗಿ ಬೈಯಲು ಆಗಿಲ್ಲ. ಅದಕ್ಕೇ ಈ ಕೋಪವನ್ನು ಬರೆದು ತೀರಿಸೋಣ ಅಂತ ಕೂತಿದ್ದೇನೆ. ಬರೆಯುವಾಗ ಬಿಕ್ಕಳಿಸಿದರೆ ನಿಮಗೇನೂ ಕೇಳಿಸುವುದಿಲ್ಲವಲ್ಲ.

ನನ್ನ ತವರು ಹುಂಚ. ಅಪ್ಪನದು ಬಸದಿಗೆ ಹೋಗುವ ದಾರಿಯಲ್ಲಿ ಕಿರಾಣಿ ಅಂಗಡಿ. ಉಪ್ಪಿನ ಗೋಣಿಚೀಲದ ಮೇಲೆ ನೀಲಿ ಅಕ್ಷರದಲ್ಲಿ ಘಟ್ಟದ ಕೆಳಗಿನ ಒಂದು ಊರಿನ ಹೆಸರು, ಅದರ ಮುಂದೆ ‘ಬಂದರು’ ಅಂತ ಇರುತ್ತಿತ್ತು. ಆಗಷ್ಟೇ ಅಕ್ಷರ ಕೂಡಿಸಿ ಓದಲು ಕಲಿತಿದ್ದೆ. ಓದಿ, ‘ಯಾರು ಬಂದರು ಅಪ್ಪಾ?’ ಅಂತ ಕೇಳಿದೆ. ಅಪ್ಪ ನಕ್ಕರು. ನಕ್ಕು ಸುಮ್ಮನಾಗಿದ್ದರೆ ಆಗುತ್ತಿತ್ತು, ನನ್ನ ಮದುವೆಯಾಗುವವರೆಗೂ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಅದನ್ನು ಹೇಳಿದರು. ಬೀಗರಿಗೂ ಹೇಳಿದರು. ಅರ್ಥಶಾಸ್ತ್ರದಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ ಅದೇ ಇರಬೇಕು. ಬಂದರಿಗೆ ಯಾರು ಬಂದರು, ಯಾರು ಹೊರಗೆ ಹೋದರು ಅಂತ ಆಮೇಲೆ ಎಷ್ಟೋ ವರ್ಷ ನಾನು ಕೇಳಲೇ ಇಲ್ಲ.

ಘಟ್ಟದ ಕೆಳಗಿನಿಂದ ಬರುವ ಬಸ್ಸಿಗೆ ನಮ್ಮ ಕಡೆ ಮೀನಿನ ಬಸ್ಸು ಅಂತಲೇ ಹೆಸರು. ಜೈನರ ಮನೆಯಲ್ಲಿ ಆ ಹೆಸರನ್ನು ಹೇಳುವಾಗಲೂ ಅಮ್ಮ ದನಿ ತಗ್ಗಿಸುತ್ತಿದ್ದಳು. ನೆಂಟರು ಆ ಬಸ್ಸಿನಲ್ಲಿ ಬಂದರೆ ಮೊದಲು ಬಚ್ಚಲಿಗೆ ಕಳಿಸಿ ಆಮೇಲೆ ಯೋಗಕ್ಷೇಮ ಕೇಳುವುದು. ಒಮ್ಮೆ ನಮ್ಮ ಸೋದರಮಾವ ಸ್ನಾನ ಮುಗಿಸಿ ಹೊರಗೆ ಬಂದಾಗ, ಅವರು ಸಾವಿನ ಸುದ್ದಿ ಹೇಳಲು ಬಂದವರು ಅಂತ ಗೊತ್ತಾಯಿತು. ಅಮ್ಮನ ಕಟ್ಟುನಿಟ್ಟು ಅಂಥದ್ದು.

ಅಂಥ ಮನೆಯ ಹುಡುಗಿ ನಾನು ಮದುವೆಯಾಗಿ ನಗರಕ್ಕೆ ಬಂದೆ. ನಗರ ಅಂದರೆ ನಮ್ಮ ಹೊಸನಗರ ತಾಲೂಕಿನ ನಗರ, ಹಳೆ ಕೋಟೆ ಇರುವ ಊರು. ಮನೆಯವರದು ಅಲ್ಲಿ ಔಷಧಿ ಅಂಗಡಿ. ಎಷ್ಟೋ ವರ್ಷ ಕಾದ ಮೇಲೆ ನನಗೆ ಹೊಸನಗರದಲ್ಲಿ ಕೆಲಸ ಸಿಕ್ಕಿತು. ಕಾಲೇಜಿನ ಹೊತ್ತಿಗೆ ಸರಿಯಾಗಿ ನಗರಕ್ಕೆ ಬರುತ್ತಿದ್ದದ್ದು ಒಂದೇ ಬಸ್ಸು. ಹುಲಿಕಲ್ ಘಾಟಿ ಹತ್ತಿ ಬರುವ ಮೀನಿನ ಬಸ್ಸು.

ಮೊದಲ ವಾರವೇ ಜಗಳವಾಯಿತು. ಗಂಜಿ ಹಾಕಿದ ಹೊಸ ಕಾಟನ್ ಸೀರೆ ಉಟ್ಟು ಕಿಟಕಿ ಪಕ್ಕ ಕೂತಿದ್ದೆ. ಬಸ್ಸಿನ ತಲೆಯ ಮೇಲಿದ್ದ ಬುಟ್ಟಿಯಿಂದ ಮೀನಿನ ನೀರು ಇಳಿದು ಕಿಟಕಿಯೊಳಗೆ ಬಂದು ಸೆರಗಿನ ಮೇಲೆ ಬಿತ್ತು. ಬುಟ್ಟಿ ಯಾರದ್ದು ಅಂತ ಬಿಕ್ಕಳಿಸುತ್ತಲೇ ಕೇಳಿದೆ. ಹಿಂದಿನ ಬಾಗಿಲ ಹತ್ತಿರ ಕೂತಿದ್ದ ದಪ್ಪ ಹೆಂಗಸೊಬ್ಬಳು ಎದ್ದು ಬಂದಳು. ಬೈಯುತ್ತಾಳೆ ಅಂದುಕೊಂಡರೆ ನೀರಿನ ಬಾಟಲಿ ಮುಂದೆ ಹಿಡಿದಳು. ಬಸ್ಸಿನ ಏಜೆಂಟರಿಗೆ ದೂರು ಕೊಡುತ್ತೇನೆ ಅಂದೆ. ಕೊಡಿ, ಮೊದಲು ನೀರು ಕುಡಿಯಿರಿ ಅಂದಳು. ಮರುದಿನ ಬಸ್ಸು ಹತ್ತಿದಾಗ ಎದುರು ಬದಿಯ ಕಿಟಕಿಯ ಸೀಟಿನ ಮೇಲೆ ಒಂದು ಟವೆಲ್ ಹಾಸಿತ್ತು. ನೀರು ಬೀಳದ ಬದಿ. ಘಾಟಿಯ ಬುಡದಿಂದ ನನಗಾಗಿ ಹಿಡಿದ ಜಾಗ.

ಅವಳ ಹೆಸರು ಪದ್ಮಾವತಿ. ಊರಲ್ಲೆಲ್ಲ ಪದ್ದಕ್ಕ. ನಮ್ಮ ಹುಂಚದ ದೇವಿಯ ಹೆಸರು ಮೀನು ಮಾರುವವಳಿಗಿದೆ ಅಂತ ಅಮ್ಮನಿಗೆ ಹೇಳಿದೆ. ಅಮ್ಮ ಕೈಯಲ್ಲಿದ್ದ ಅಕ್ಕಿಯ ಮೊರ ಕೆಳಗಿಟ್ಟಳು. ಆಮೇಲೆ, ಅವಳಿಗೆ ಮಕ್ಕಳೆಷ್ಟು ಅಂತ ಕೇಳಿದಳು. ಅದು ಅಮ್ಮನ ಮಟ್ಟಿಗೆ ದೊಡ್ಡ ರಾಜಿ.

ಪದ್ದಕ್ಕನ ಊರು ಒಂದು ಬಂದರು ನಗರ. ಯಾವುದು ಅಂತ ಹೇಳುವುದಿಲ್ಲ, ಹೇಳಿದರೆ ಅಲ್ಲಿನ ಒಳ್ಳೆಯವರಿಗೂ ನೋವಾಗುತ್ತದೆ. ಬೆಳಗಿನ ಜಾವ ಧಕ್ಕೆಯಲ್ಲಿ, ಅಂದರೆ ದೋಣಿಗಳು ಮೀನು ಇಳಿಸುವ ಕಟ್ಟೆಯಲ್ಲಿ, ಹರಾಜು ಕೂಗಿ ಬುಟ್ಟಿ ತುಂಬಿಸಿಕೊಂಡು ಮೊದಲ ಬಸ್ಸು ಹತ್ತುತ್ತಿದ್ದಳು. ಹೊಸನಗರದ ಬಸ್ ಸ್ಟ್ಯಾಂಡಿನ ಗೋಡೆಗೆ ಒರಗಿ ಕೂತರೆ ಮಧ್ಯಾಹ್ನಕ್ಕೆ ಬುಟ್ಟಿ ಖಾಲಿ. ನಗರದಿಂದ ಹೊಸನಗರದವರೆಗೆ ಅರ್ಧ ಗಂಟೆ ನನಗೆ ಪಾಠ. ಇವತ್ತು ಬಂಗುಡೆ ಯಾಕೆ ಸಣ್ಣದು, ಆಳದ ದೋಣಿಗಳು ಯಾಕೆ ಬೇಗ ತಿರುಗಿ ಬಂದವು, ಐಸಿನ ಕಾರ್ಖಾನೆ ಯಾಕೆ ನಿಂತಿದೆ, ಗಾಳಿಗೆ ಕಡಲು ಹೇಗೆ ಬಣ್ಣ ಬದಲಿಸಿತು. ಮೀನು ಮುಟ್ಟದ ನಾನು ಅದನ್ನು ತರಗತಿಯಲ್ಲಿ ಬೇಡಿಕೆ, ಪೂರೈಕೆ ಅಂತ ಹೆಸರಿಟ್ಟು ಹೇಳುತ್ತಿದ್ದೆ. ಮಕ್ಕಳು ಕಣ್ಣರಳಿಸಿ ಕೇಳುತ್ತಿದ್ದರು. ಮೇಡಂ ಎಷ್ಟು ಓದಿದ್ದಾರೆ ಅಂದುಕೊಳ್ಳುತ್ತಿದ್ದರು. ನಾನೂ ಹಾಗೇ ಅಂದುಕೊಳ್ಳಲಿ ಅಂತ ಬಿಡುತ್ತಿದ್ದೆ.

ಈಚಿನ ವರ್ಷಗಳಲ್ಲಿ ಅವಳ ಮಾತಿನ ಧಾಟಿ ಬದಲಾಯಿತು. ಬಂದರು ಬೆಳೆಯುತ್ತಿತ್ತು. ಮೀನಿನ ಹಿಟ್ಟು ಮಾಡುವ ಕಾರ್ಖಾನೆಗಳು ಬಂದವು. ದೋಣಿಯಿಂದ ನೇರ ಲಾರಿಗೆ, ಲಾರಿಯಿಂದ ಕಾರ್ಖಾನೆಗೆ. ಬಡವರು ತಿನ್ನುವ ಸಣ್ಣ ಮೀನು ಬೇರೆ ದೇಶದ ಕೋಳಿಗೂ ಸಾಕಿದ ಮೀನಿಗೂ ಆಹಾರವಾಗಿ ಹೋಗತೊಡಗಿತು. ಧಕ್ಕೆಗೆ ಬೇಲಿ ಬಂತು, ಬೇಲಿಗೆ ಗೇಟು ಬಂತು, ಗೇಟಿನಲ್ಲಿ ಕಾರ್ಡು ತೋರಿಸಬೇಕು ಅಂತಾಯಿತು. ಕಾರ್ಡು ಸಿಗುವುದು ದೊಡ್ಡ ರಾಶಿ ಕೊಳ್ಳುವವರಿಗೆ. ಬುಟ್ಟಿ ಹೊತ್ತ ಹೆಂಗಸರು ಗೇಟಿನ ಹೊರಗೆ ನಿಂತು, ಒಳಗೆ ಹೋದವರು ಬಿಟ್ಟ ಮೀನನ್ನು ಅವರ ಕೈಯಿಂದಲೇ ಕೊಳ್ಳಬೇಕು. ಪದ್ದಕ್ಕನ ಎರಡು ಬುಟ್ಟಿ ಒಂದಾಯಿತು. ಒಂದು ದಿನ ಆ ಒಂದು ಬುಟ್ಟಿಯ ಅರ್ಧಕ್ಕೆ ಒಣಮೀನು ಇತ್ತು.

‘ಬಂದರ್‌ನಲ್ಲಿ ಮೀನ್ ಇತ್ತ್ ಮೇಡಮ್ಮ, ನಮ್ಗ್ ಇಲ್ಲೆ,’ ಅಂದಳು. ಇಷ್ಟು ಚಿಕ್ಕದಾಗಿ ಹೇಳಲು ನನ್ನ ಪಠ್ಯಪುಸ್ತಕಕ್ಕೆ ಬಂದಿಲ್ಲ.

ಆಗಲೇ ಸಾಗರದ ಸಂಕಿರಣಕ್ಕೆ ಕರೆ ಬಂದದ್ದು. ಆ ಬಂದರು ನಗರದ ವ್ಯಾಪಾರಸ್ಥರ ವೇದಿಕೆಯೊಂದು ಏರ್ಪಡಿಸಿತ್ತು. ವಿಷಯ, ‘ಬಂದರು ನಗರದ ಆರ್ಥಿಕ ಆರೋಗ್ಯ ಮತ್ತು ಮುನ್ನೋಟ’. ಕಡಲಿನ ಆರೋಗ್ಯ ಕೇಳಲು ಘಟ್ಟ ಹತ್ತಿ ಸಾಗರಕ್ಕೆ ಯಾಕೆ ಬಂದರು ಅಂತ ನನಗೆ ಅನುಮಾನ ಬರಬೇಕಿತ್ತು. ಘಾಟಿ ರಸ್ತೆ ಅಗಲವಾಗಬೇಕು ಅನ್ನುವ ಮಾತು ಅವರಿಗೆ ಮಲೆನಾಡಿನವರ ಬಾಯಿಂದ ಬೇಕಿತ್ತು, ಅಷ್ಟೇ. ನನಗೆ ಅನುಮಾನ ಬರಲಿಲ್ಲ. ಸಂತೋಷ ಬಂತು. ಹೊಸ ಕನ್ನಡಕ ಮಾಡಿಸಿದೆ.

ಬಸ್ಸಿನಲ್ಲಿ ಪದ್ದಕ್ಕನಿಗೆ ಹೇಳಿದೆ. ಅವಳಿಗೆ ಮೊದಲು ನಂಬಿಕೆ ಬರಲಿಲ್ಲ. ನಮ್ಮ ಬಂದರಿನ ದೊಡ್ಡವರೆಲ್ಲ ಬರುತ್ತಾರಾ, ಅವರ ಮುಂದೆ ನೀವು ಮಾತಾಡುತ್ತೀರಾ ಅಂತ ಎರಡು ಸಲ ಕೇಳಿದಳು. ಹೊಸನಗರದಲ್ಲಿ ಇಳಿಯುವಾಗ ನನ್ನ ಕೈ ಹಿಡಿದಳು. ಮೀನಿನ ಕೈ, ನಾನು ಬಿಡಿಸಿಕೊಳ್ಳಲಿಲ್ಲ. ಇಷ್ಟು ವರ್ಷದಲ್ಲಿ ಅಷ್ಟಾದರೂ ಕಲಿತಿದ್ದೆ.

‘ಒಂದೇ ಮಾತ್ ಹೇಳಿ ಮೇಡಮ್ಮ. ಲಾರಿ ತುಂಬುಕ್ ಮೊದ್ಲ್ ನಮ್ಮನ್ನ ಒಳ್ಗ್ ಬಿಡ್ಲಿ. ಅಷ್ಟೇ.’

ಹೇಳುತ್ತೇನೆ ಅಂದೆ. ಭಾಷಣದ ಕಾಗದದಲ್ಲಿ ಕೊನೆಯ ಪುಟದ ಮೇಲೆ ಅದನ್ನು ಬರೆದು ಅಡಿಗೆರೆ ಎಳೆದೆ.

ಸಾಗರದ ಆ ಸಭಾಂಗಣದಲ್ಲಿ ಎಸಿ ಇತ್ತು. ಮುಂದಿನ ಸಾಲಿನಲ್ಲಿ ಬಂದರಿನ ಮುಖಂಡರು ಕೂತಿದ್ದರು. ನಡುವಿನಲ್ಲಿದ್ದವರು ವೇದಿಕೆಯ ಅಧ್ಯಕ್ಷರು, ಬಿಳಿ ಷರಟಿನ ನಗುಮುಖದ ಮನುಷ್ಯ. ಊಟದ ಹೊತ್ತಿನಲ್ಲಿ ನನ್ನನ್ನು ಹುಡುಕಿ ಬಂದು, ನಿಮ್ಮಂಥ ವಿದ್ವಾಂಸರು ಬಂದದ್ದು ನಮ್ಮ ಪುಣ್ಯ ಅಂದಿದ್ದರು. ನಾನು ಎದ್ದು ಮಾತಾಡಿದೆ. ಅವರೇ ಕಳಿಸಿದ್ದ ಅಂಕಿಗಳನ್ನು ಓದಿದೆ. ಎಷ್ಟು ಟನ್ನು ಏರಿತು, ಎಷ್ಟು ಹಡಗು ಹೆಚ್ಚಿತು. ಬಂದರಿನ ಆರೋಗ್ಯ ಸದೃಢ, ಮುನ್ನೋಟ ಉಜ್ವಲ ಅಂದೆ. ಸುಸಜ್ಜಿತ ಧಕ್ಕೆ ಅಂದೆ, ಆ ಶಬ್ದವನ್ನು ನಾನೇ ಅಂದೆ. ಕೊನೆಯ ಪುಟಕ್ಕೆ ಬಂದಾಗ ಎರಡು ನಿಮಿಷ ಉಳಿದಿದೆ ಅಂತ ಚೀಟಿ ಬಂತು. ಒಂದು ವಾಕ್ಯ ಹೇಳಲು ಎರಡು ನಿಮಿಷ ಎಷ್ಟೋ ಹೆಚ್ಚು. ತಲೆ ಎತ್ತಿದೆ. ಅಧ್ಯಕ್ಷರು ನನ್ನತ್ತ ನೋಡಿ ನಗುತ್ತಿದ್ದರು. ಆ ನಗು ಕೆಡುವುದು ನನಗೆ ಬೇಡವಾಯಿತು. ಕಾಗದ ಮಡಚಿ ವಂದನೆ ಹೇಳಿ ಕೂತೆ. ಚಪ್ಪಾಳೆ ಬಿತ್ತು. ದೋಣಿ ಕೊಟ್ಟರು.

ನನ್ನನ್ನು ಯಾರೂ ಹೆದರಿಸಲಿಲ್ಲ. ಬೇಡ ಅಂತ ಯಾರೂ ಹೇಳಲಿಲ್ಲ. ಯಾರಾದರೂ ಹೆದರಿಸಿದ್ದರೆ ಈಗ ಅವರನ್ನು ಬೈದುಕೊಂಡು ಸುಖವಾಗಿರಬಹುದಿತ್ತು. ಬಿಳಿ ಷರಟಿನ ಒಂದು ನಗುವಿಗೆ ನಾನು ಇಪ್ಪತ್ತೆರಡು ವರ್ಷದ ಸೀಟು ಕೊಟ್ಟುಬಿಟ್ಟೆ.

ಮರುದಿನ ಬಸ್ಸು ಹತ್ತುತ್ತಲೇ ಪದ್ದಕ್ಕ ಕೇಳಿದಳು. ‘ಹೇಳಿದ್ರ್ಯಾ?’

‘ಹೇಳ್ದೆ,’ ಅಂದೆ.

ಅವಳು ಎರಡೂ ಕೈ ಮುಗಿದಳು. ಎಲ್ಲರೆದುರು, ಬಸ್ಸಿನ ನಡುವೆ. ನಾನು ಕಿಟಕಿಯ ಹೊರಗೆ ನೋಡಿದೆ. ಆ ದಿನ ಬಿಕ್ಕಳಿಕೆಯೂ ಬರಲಿಲ್ಲ. ಅದು ಬರಬೇಕಾದರೂ ಸ್ವಲ್ಪ ಯೋಗ್ಯತೆ ಬೇಕು.

ನಾಲ್ಕು ದಿನ ಕಳೆದ ಮೇಲೆ ಸೀಟಿನ ಮೇಲೆ ಟವೆಲ್ ಇರಲಿಲ್ಲ, ಪದ್ದಕ್ಕನೂ ಇರಲಿಲ್ಲ. ನಡೆದದ್ದನ್ನು ಕಂಡಕ್ಟರ್ ಹೇಳಿದ. ಪದ್ದಕ್ಕ ಧಕ್ಕೆಯ ಹೆಂಗಸರಿಗೆಲ್ಲ ಸುದ್ದಿ ಹೇಳಿದ್ದಳು. ಘಟ್ಟದ ಮೇಲಿನ ಕಾಲೇಜಿನ ಮೇಡಂ ದೊಡ್ಡವರ ಸಭೆಯಲ್ಲಿ ನಮ್ಮ ಪರ ಮಾತಾಡಿದ್ದಾರೆ ಅಂತ. ಹೆಂಗಸರು ಒಟ್ಟಾಗಿ ಗೇಟಿಗೆ ಹೋದರು. ಗೇಟಿನವನು ಯಾರಿಗೋ ಫೋನ್ ಮಾಡಿದ. ಆ ಸಭೆಗೆ ಹೋಗಿದ್ದ ಒಬ್ಬರು ಬಂದು, ಆ ಮೇಡಂ ನಮ್ಮ ಧಕ್ಕೆಯನ್ನು ಹೊಗಳಿದ್ದು ಬಿಟ್ಟರೆ ಬೇರೇನೂ ಹೇಳಲಿಲ್ಲ ಅಂದರು. ಬೇಕಾದರೆ ವಿಡಿಯೋ ತೋರಿಸುತ್ತೇನೆ ಅಂದರು. ತೋರಿಸಿದರು. ಗೇಟಿನ ಹತ್ತಿರ ನಿಂತು ಹೆಂಗಸರೆಲ್ಲ ನನ್ನ ಭಾಷಣ ಪೂರ್ತಿ ಕೇಳಿದರು.

ಸುಸಜ್ಜಿತ ಧಕ್ಕೆ.

ಎರಡು ತಿಂಗಳು ಪದ್ದಕ್ಕ ಬರಲಿಲ್ಲ. ಹೊಸನಗರದಲ್ಲಿ ಮೀನು ಮಾತ್ರ ನಿಲ್ಲಲಿಲ್ಲ. ವ್ಯಾನಿನಲ್ಲಿ ಐಸ್ ಮೀನು ಬರುತ್ತಿತ್ತು. ನಮ್ಮ ಸ್ಟಾಫ್ ರೂಮಿನಲ್ಲಿ, ಬಸ್ಸಿನಲ್ಲಿ ವಾಸನೆ ಇಲ್ಲದೆ ಎಷ್ಟು ನೆಮ್ಮದಿ ಅಂತ ಒಬ್ಬರು ಹೇಳಿದರು. ಅವರ ಡಬ್ಬಿಯಲ್ಲಿ ಬಂಗುಡೆ ಸಾರಿತ್ತು. ನನಗೆ ನೀರು ತಂದುಕೊಟ್ಟರು.

ಅಷ್ಟರಲ್ಲಿ ಸಂಕಿರಣದ ಭಾಷಣಗಳು ಪುಸ್ತಕವಾದವು. ನಮ್ಮ ಕಾಲೇಜಿನಲ್ಲೇ ಬಿಡುಗಡೆ, ನಾನು ಅದರ ಲೇಖಕಿಯಲ್ಲವೇ. ಮುಖ್ಯ ಅತಿಥಿ ಅದೇ ಅಧ್ಯಕ್ಷರು. ಆ ದಿನ ಬೆಳಿಗ್ಗೆ ನಗರದಲ್ಲಿ ಬಸ್ಸು ಹತ್ತಿದರೆ ಹಿಂದಿನ ಬಾಗಿಲ ಹತ್ತಿರ ಪದ್ದಕ್ಕ ಕೂತಿದ್ದಳು. ಸೊರಗಿದ್ದಳು. ಕಾಲ ಬಳಿ ಸಣ್ಣ ಬುಟ್ಟಿಯಲ್ಲಿ ಒಣಮೀನು. ಖಾಯಂ ಗಿರಾಕಿಗಳಿಗೆ ಇನ್ನು ಬರುವುದಿಲ್ಲ ಅಂತ ಹೇಳಿ ಹೋಗಲು ಬಂದದ್ದು. ಸೀಟುಗಳು ಖಾಲಿಯಿದ್ದವು. ನಾನು ಅವಳ ಪಕ್ಕ ಕಂಬಿ ಹಿಡಿದು ನಿಂತೆ.

‘ನಾನು ಹೇಳ್ಲಿಲ್ಲ ಪದ್ದಕ್ಕ. ಹೇಳ್ದೆ ಅಂತ ಸುಳ್ಳು ಹೇಳ್ದೆ.’

‘ಗೊತ್ತಿತ್ತ್,’ ಅಂದಳು. ಆಮೇಲೆ ನನ್ನ ಮುಖ ನೋಡಿದಳು. ‘ಹೇಳ್ದೇ ಇದ್ದದ್ದಕ್ಕೆ ಬೇಜಾರಿಲ್ಲೆ. ಸುಳ್ಳಿಗ್ ಕೈ ಮುಗಿಸ್ಕಂಡ್ರಿ ಅಲ್ದಾ, ಅದಕ್ಕ್ ಬೇಜಾರ್.’

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇವತ್ತು ಆ ಅಧ್ಯಕ್ಷರು ನಮ್ಮ ಕಾಲೇಜಿಗೆ ಬರುತ್ತಾರೆ, ನನಗೆ ಮೂರು ನಿಮಿಷ ಮಾತು ಕೊಟ್ಟಿದ್ದಾರೆ ಅಂದೆ. ಅವಳು ಬುಟ್ಟಿಯನ್ನು ಕಾಲ ಹತ್ತಿರಕ್ಕೆ ಎಳೆದುಕೊಂಡಳು.

‘ಹಾಂಗಾರ್ ಇವತ್ತ್ ಹೇಳಿ. ನಾನೂ ಬತ್ತೆ, ಕೇಂತೆ.’

ಬುಟ್ಟಿಯನ್ನು ವಾಚ್‌ಮನ್ ಬೆಂಚಿನ ಕೆಳಗಿಟ್ಟು ಪದ್ದಕ್ಕ ನನ್ನ ಮಾತು ಕೇಳಲು ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತಳು. ಅವಳ ಆಚೀಚೆಯ ಎರಡು ಕುರ್ಚಿ ಖಾಲಿಯಾದದ್ದನ್ನು ನಾನು ವೇದಿಕೆಯಿಂದ ನೋಡಿದೆ. ನನ್ನ ಸರದಿ ಬಂದಾಗ ಪುಸ್ತಕ ತೆರೆದೆ. ನನ್ನ ಲೇಖನದ ಕೊನೆಗೆ, ಈ ಅಭಿವೃದ್ಧಿಯಿಂದ ಎಲ್ಲ ವರ್ಗದವರಿಗೂ ಪ್ರಯೋಜನವಾಗಿದೆ ಅಂತ ಒಂದು ವಾಕ್ಯವಿತ್ತು. ಅದನ್ನು ನಾನು ಬರೆದಿರಲಿಲ್ಲ. ಯಾರೋ ಸೇರಿಸಿದ್ದರು. ನಾನು ಬಿಟ್ಟ ಜಾಗವನ್ನು ಅವರು ತುಂಬಿಸಿಕೊಂಡಿದ್ದರು.

ಬಿಕ್ಕಳಿಕೆ ಎಂದೂ ಇಲ್ಲದಷ್ಟು ಜೋರಾಗಿ ಬಂತು. ಮೈಕಿನಲ್ಲಿ ಅದು ಗುಂಡು ಹೊಡೆದ ಹಾಗೆ ಕೇಳಿಸಿತು. ಮಕ್ಕಳು ನಕ್ಕರು. ನೀರು ಬಂತು, ಕುಡಿಯಲಿಲ್ಲ. ಬಿಕ್ಕಳಿಸುತ್ತಲೇ ಹೇಳಿದೆ. ಈ ಪುಸ್ತಕದ ಇಂಥ ಪುಟದಲ್ಲಿರುವುದು ಸುಳ್ಳು, ಅದಕ್ಕೂ ಮೊದಲು ಸಾಗರದಲ್ಲಿ ನಾನು ಓದಿದ್ದು ಅರ್ಧ ಸತ್ಯ ಅಂದೆ. ಬಂದರಿನ ಆರೋಗ್ಯವನ್ನು ಟನ್ನಿನಲ್ಲಿ ಅಳೆದೆವು, ಗೇಟಿನ ಹೊರಗೆ ನಿಂತವರನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ ಅಂದೆ. ಲಾರಿ ತುಂಬುವ ಮೊದಲು ಬುಟ್ಟಿಯ ಹೆಂಗಸರನ್ನು ಒಳಗೆ ಬಿಡಿ ಅಂದೆ. ಆ ಹೊತ್ತಿಗೆ ಮಕ್ಕಳ ನಗು ನಿಂತಿತ್ತು.

ಅಧ್ಯಕ್ಷರು ಪಳಗಿದವರು. ಮೇಡಂ ಭಾವುಕರಾಗಿದ್ದಾರೆ, ಅವರ ಕಾಳಜಿ ದೊಡ್ಡದು ಅಂತ ಶುರುಮಾಡಿದರು. ಬಂದರು ಬೆಳೆಯಬೇಕಾದರೆ ಶಿಸ್ತು ಬೇಕು, ಸ್ವಚ್ಛತೆ ಬೇಕು, ಹೊರದೇಶದವರು ಬಂದು ನೋಡುತ್ತಾರೆ, ಕಂಡಕಂಡವರನ್ನು ಒಳಗೆ ಬಿಡಲು ಅದೇನು ಸಂತೆಯಲ್ಲ ಅಂದರು.

ಕೊನೆಯ ಸಾಲಿನಲ್ಲಿ ಪದ್ದಕ್ಕ ಎದ್ದು ನಿಂತಳು. ಅವಳಿಗೆ ಮೈಕು ಬೇಕಾಗಲಿಲ್ಲ, ಹರಾಜಿನಲ್ಲಿ ಕೂಗಿದ ಗಂಟಲು.

‘ಆ ಧಕ್ಕೆಗ್ ಕಲ್ಲ್ ಹೊತ್ತದ್ದ್ ನಾನ್. ನನ್ನ ಮಗಳ್ ಹೊಟ್ಟೆಯೊಳ್ಗ್ ಇದ್ದಿತ್ತ್. ಅವತ್ತ್ ನನ್ನ ಹತ್ರ ಯಾರೂ ಕಾರ್ಡ್ ಕೇಂಡ್ರಿಲ್ಲೆ.’

ಅಷ್ಟು ಹೇಳಿ ಕೂತಳು. ಅಧ್ಯಕ್ಷರ ಮುಖದ ಮೇಲೆ ನಗು ಇನ್ನೂ ಇತ್ತು, ಆದರೆ ಅದನ್ನು ಎಲ್ಲಿಡಬೇಕು ಅಂತ ಅವರಿಗೆ ಗೊತ್ತಾಗಲಿಲ್ಲ. ಪ್ರಿನ್ಸಿಪಾಲರು ಎದ್ದು ಚಹದ ವ್ಯವಸ್ಥೆ ಇದೆ ಅಂದರು. ಅಧ್ಯಕ್ಷರು ಚಹಕ್ಕೆ ನಿಲ್ಲಲಿಲ್ಲ.

ಇಲ್ಲಿಗೆ ಮುಗಿಸಿದರೆ ಚೆನ್ನಾಗಿರುತ್ತಿತ್ತು. ಸತ್ಯ ಹೇಳಿದೆವು, ಗೆದ್ದೆವು ಅಂತ. ಹಾಗೆ ಆಗಲಿಲ್ಲ. ಪದ್ದಕ್ಕನ ಮಾತನ್ನು ನಮ್ಮ ವಿದ್ಯಾರ್ಥಿನಿಯೊಬ್ಬಳು ಮೊಬೈಲಿನಲ್ಲಿ ಹಿಡಿದಿದ್ದಳು. ಅದು ಘಟ್ಟ ಇಳಿಯಿತು. ಊರಲ್ಲಿ ಮಾತಾಯಿತು. ತಿಂಗಳೊಳಗೆ ಧಕ್ಕೆಯ ಬದಿಯಲ್ಲಿ ಬುಟ್ಟಿಯ ಹೆಂಗಸರಿಗೆ ಅಂತ ಒಂದು ಸಣ್ಣ ಗೇಟು ಮಾಡಿದರು. ಪೇಪರಿನಲ್ಲಿ ಫೋಟೋ ಬಂತು. ಅಧ್ಯಕ್ಷರು ರಿಬ್ಬನ್ ಕತ್ತರಿಸುತ್ತಿದ್ದರು. ನಾನು ಖುಷಿಯಿಂದ ಪದ್ದಕ್ಕನಿಗೆ ಫೋನ್ ಮಾಡಿದೆ.

ಆ ಗೇಟು ತೆಗೆಯುವುದು ಲಾರಿ ತುಂಬಿದ ಮೇಲೆ ಅಂದಳು. ಅಷ್ಟು ಹೊತ್ತಿಗೆ ಒಳಗೆ ಉಳಿಯುವುದು ಬಾಲ, ತಲೆ ಮತ್ತು ಐಸಿನ ನೀರು. ಮೊದಲ ಬಸ್ಸೂ ಹೋಗಿರುತ್ತದೆ. ಫೋಟೋ ತೆಗೆದ ದಿನ ಮಾತ್ರ ಒಳ್ಳೆ ಮೀನು ಇಟ್ಟಿದ್ದರಂತೆ. ಅವಳ ದನಿಯಲ್ಲಿ ಆಶ್ಚರ್ಯವಿರಲಿಲ್ಲ. ಸೋಮವಾರದಿಂದ ಹೆಂಗಸರೆಲ್ಲ ದೊಡ್ಡ ಗೇಟಿನ ಮುಂದೆ, ಲಾರಿ ಹೋಗುವ ದಾರಿಯಲ್ಲಿ ಕೂರುವುದು ಅಂತ ತೀರ್ಮಾನವಾಗಿದೆ ಅಂದಳು. ಆಮೇಲೆ ಕೇಳಿದಳು. ‘ನೀವ್ ಬತ್ರ್ಯಾ?’

ಪಾಠವಿದೆ, ಪರೀಕ್ಷೆ ಹತ್ತಿರವಿದೆ, ನಿವೃತ್ತಿಗೆ ಎರಡೇ ವರ್ಷವಿದೆ ಅಂತ ನನ್ನೊಳಗಿನ ಹಳೆಯ ಮೇಡಂ ಕಾರಣಗಳನ್ನು ಜೋಡಿಸತೊಡಗಿದಳು. ಮನೆಯವರು ಅಂಗಡಿಯಿಂದ ಬಂದಾಗ ಹೇಳಿದೆ. ಬಿಸಿಲು ಜೋರಿದೆ, ಓಆರ್‌ಎಸ್ ತಗೊಂಡು ಹೋಗು ಅಂದರು. ಹೋಗಬೇಡ ಅನ್ನುತ್ತಾರೆ ಅಂತ ಕಾದಿದ್ದ ನನಗೆ ಉಳಿದ ಒಂದು ನೆಪವೂ ತಪ್ಪಿತು.

ಶನಿವಾರ ರಜೆಯ ಅರ್ಜಿ ತುಂಬಿದೆ. ಕಾರಣ ಅನ್ನುವ ಕಡೆ ಇಪ್ಪತ್ತೆರಡು ವರ್ಷವೂ ಬರೆದ ಹಾಗೆ ‘ಸ್ವಂತ ಕೆಲಸ’ ಅಂತ ಬರೆದೆ. ಬರೆದದ್ದನ್ನು ಹೊಡೆದುಹಾಕಿ, ‘ಮೀನಿನ ಧಕ್ಕೆಯ ಗೇಟಿನ ಮುಂದೆ ಕೂರಲು’ ಅಂತ ಬರೆದೆ. ಪ್ರಿನ್ಸಿಪಾಲರು ಓದಿದರು. ಕನ್ನಡಕ ತೆಗೆದು ಇನ್ನೊಮ್ಮೆ ಓದಿದರು.

‘ಹೀಗೆ ಬರೆದ್ರೆ ಮಂಜೂರು ಮಾಡೋಕಾಗಲ್ಲ ಮೇಡಂ.’

‘ಮಾಡ್ಬೇಡಿ ಸರ್,’ ಅಂದೆ. ಅರ್ಜಿಯನ್ನು ಅವರ ಮೇಜಿನ ಮೇಲೇ ಬಿಟ್ಟು ಬಂದೆ.